ಜಪಾನಿನ ರಾಕ್ಷಸ, ಬನಹಟ್ಟಿಯ ಬಾಯಿ

ಶಂಕ್ರೆಪ್ಪ ಕಾಕಾನಿಗೆ ಪಿಸುಮಾತಾಡಲು ಬರುತ್ತಿರಲಿಲ್ಲ. ಪಾವರ್‌ಲೂಮಿನ ಸದ್ದಿನಲ್ಲೇ ಬೆಳೆದವನು. ನಾಲ್ಕು ಮಗ್ಗ ಒಟ್ಟಿಗೆ ಖಟಖಟ ಎನ್ನುವಾಗ ಅಡಿಗೆಮನೆಯಲ್ಲಿದ್ದ ಹೆಂಡತಿಗೆ ಚಹಾ ಬೇಕೆಂದು ಕೂಗಿ ಕೂಗಿ ಅವನ ಗಂಟಲು ಅದೇ ಅಳತೆಗೆ ಕೂತುಬಿಟ್ಟಿತ್ತು. ನನ್ನ ಸೋದರತ್ತೆಗೆ ಮುಧೋಳದಲ್ಲಿ ಗಂಡು ನೋಡಿದಾಗ, "ಯಾರ ಮುಂದೂ ಅನಬ್ಯಾಡ" ಎಂದು ಅವನು ಅಪ್ಪನ ಕಿವಿಯಲ್ಲಿ ಹೇಳಿದ್ದು ಇಡೀ ಓಣಿಗೆ ಕೇಳಿಸಿತ್ತು. ಸಂಜೆಯೊಳಗೆ ಅಕ್ಕಪಕ್ಕದವರು ಬಂದು ಗಂಡಿನ ಬಣ್ಣ, ಎತ್ತರ, ನೌಕರಿ ಎಲ್ಲ ವಿಚಾರಿಸಿಕೊಂಡು ಹೋದರು.

ಬನಹಟ್ಟಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮುಂದಿನ ಪಡಸಾಲೆಯಲ್ಲಿ ಮಗ್ಗ, ಹಿಂದಿನ ಕೋಣೆಗಳಲ್ಲಿ ಸಂಸಾರ. ಸಂಸಾರವೆಂದರೆ ಕಾಕಾ ಮತ್ತು ಕಮಲವ್ವ ಕಾಕು, ಇಬ್ಬರೇ. ಮಕ್ಕಳಾಗಲಿಲ್ಲ ಎಂಬ ಚಿಂತೆ ಇತ್ತೋ ಇಲ್ಲವೋ, ನಮಗೆ ತೋರಿಸಲಿಲ್ಲ. ಓಣಿಯ ಹುಡುಗರೆಲ್ಲ ಅವರ ಮನೆಯಲ್ಲೇ ಬಿದ್ದಿರುತ್ತಿದ್ದೆವು. ನಾನು ಜಮಖಂಡಿಯ ಕಾಲೇಜಿಗೆ ಹೋಗಲು ಶುರುಮಾಡಿದ ಮೇಲೂ ಬಸ್ಸಿಳಿದು ಮೊದಲು ಹೋಗುತ್ತಿದ್ದುದು ಅಲ್ಲಿಗೇ.

ಇಂಥ ಮನೆಗೆ ಜಪಾನಿನ ಆಟವೊಂದು ಬಂದು ಸೇರಿದ್ದು ಇಚಲಕರಂಜಿಯಿಂದ. ಕಾಕಾನ ಅಕ್ಕನ ಮಗ ಅಲ್ಲಿ ವಿಡಿಯೋ ಗೇಮಿನ ಅಂಗಡಿ ನಡೆಸುತ್ತಿದ್ದ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅಂಗಡಿ ಮುಚ್ಚಿದ. ನೂಲು ತರಲು ಹೋಗಿದ್ದ ಕಾಕಾನಿಗೆ ಹಳೆಯದೊಂದು ಗೇಮಿನ ಡಬ್ಬಿ ಕೊಟ್ಟು ಕಳಿಸಿದ. ಅದರೊಳಗೆ ಒಂದು ಡಿಸ್ಕ್ ಉಳಿದುಕೊಂಡಿತ್ತು. ಕಾರಿನ ಆಟ, ಬಂದೂಕಿನ ಆಟ, ಕ್ರಿಕೆಟ್ಟು ಎಲ್ಲವನ್ನೂ ಯಾರ್‍ಯಾರೋ ಒಯ್ದಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಪಾತ್ರಗಳು ಮಾತಾಡುವುದು ಜಪಾನಿಯಲ್ಲಿ, ಕೆಳಗೆ ಅಕ್ಷರ ಬರುವುದು ಇಂಗ್ಲಿಷಿನಲ್ಲಿ. ಕಾಕಾನಿಗೆ ಎರಡೂ ಬಾರದು.

ಆಟದ ಕಥೆ ಮಜವಾಗಿತ್ತು. ರಾಕ್ಷಸನೊಬ್ಬ ರಾಜಕುಮಾರಿಯನ್ನು ಹೊತ್ತುಕೊಂಡು ಹೋಗಿದ್ದಾನೆ. ಆದರೆ ಅವಳಿಗೆ ತಿರುಗಿ ಬರುವ ಮನಸ್ಸಿಲ್ಲ. ರಾಕ್ಷಸನ ಅರಮನೆಯಲ್ಲಿ ಕೂತು ಅವನ ಊಟ ಸರಿಯಿಲ್ಲ, ಪರದೆ ಹೊಲಸಾಗಿದೆ, ಸೈನಿಕರು ಸ್ನಾನ ಮಾಡುವುದಿಲ್ಲ ಎಂದು ಬೆಳಗಿನಿಂದ ಸಂಜೆತನಕ ಬೈಯುತ್ತಾಳೆ. ಅವಳ ಕಾಟ ತಾಳಲಾಗದೆ ರಾಕ್ಷಸನೇ ನಾಯಕನಿಗೆ ಬಾವಲಿಗಳ ಕೈಯಲ್ಲಿ ಓಲೆ ಕಳಿಸುತ್ತಾನೆ: ಬೇಗ ಬಂದು ನನ್ನನ್ನು ಸೋಲಿಸು, ಇವಳನ್ನು ಕರಕೊಂಡು ಹೋಗು. ನಾಯಕನೋ ಮಹಾ ಆಲಸಿ, ದಾರಿಯಲ್ಲಿ ಕಂಡವರ ಮನೆಯಲ್ಲೆಲ್ಲ ಉಂಡು ಮಲಗುತ್ತಾನೆ. ಮುಳ್ಳು ಮುಳ್ಳಾಗಿ ನಿಂತ ಹಳದಿ ಕೂದಲಿನ ಅವನಿಗೆ ಕಾಕಾ ಗುಂಡ್ಯಾ ಎಂದು ಹೆಸರಿಟ್ಟ. ರಾಕ್ಷಸ ಮಲ್ಲ್ಯಾ ಆದ. ರಾಜಕುಮಾರಿ ಚೆನ್ನವ್ವ ಆದಳು.

ಆಟ ನಡೆಯುತ್ತಿದ್ದುದು ಮಗ್ಗ ನಿಂತಾಗ. ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ಹೋದರೆ ಮಗ್ಗ ನಿಲ್ಲುತ್ತವೆ, ಮನೆಯ ದೀಪ, ಟಿವಿ ಮಾತ್ರ ನಡೆಯುತ್ತಿರುತ್ತವೆ. ಓಣಿಯ ಸದ್ದು ಅಡಗುತ್ತಿದ್ದಂತೆ ನೇಕಾರರು ತಲೆಗೂದಲಿನ ಅರಳೆ ಕೊಡವುತ್ತ ಕಾಕಾನ ಮನೆಗೆ ಬರುತ್ತಿದ್ದರು. ಅವರಲ್ಲಿ ಮುಂದೆ ಇರುತ್ತಿದ್ದವನು ಎದುರು ಮನೆಯ ಮಲಕಪ್ಪ. ಟಿವಿಯ ದನಿ ಪೂರ್ತಿ ತಗ್ಗಿಸಿ, ಕಾಲು ಮಡಚಿ ಕೂತು, ಕಾಕಾ ಗೇಮಿನ ರಿಮೋಟು ಹಿಡಿಯುತ್ತಿದ್ದ. ಆಮೇಲೆ ಎಲ್ಲರ ಮಾತನ್ನೂ ಅವನೊಬ್ಬನೇ ಆಡುತ್ತಿದ್ದ.

"ಏ ಗುಂಡ್ಯಾ, ಎಲ್ಲಿ ಸತ್ತೀಯಲೇ? ನಿನ್ನ ದಾರಿ ನೋಡಿ ನೋಡಿ ನನ್ನ ತಲಿ ಮ್ಯಾಲಿನ ಕ್ವಾಡ ಸವದ ಹೋದ್ವು. ಈಕಿ ಇವತ್ತ ನನ್ನ ಕಡಿಂದ ರೊಟ್ಟಿ ಬಡಸ್ಯಾಳ!" ಎಂದು ಮಲ್ಲ್ಯಾ ಅಳುತ್ತಿದ್ದ. ಚೆನ್ನವ್ವ ಒಳಗಿನಿಂದಲೇ, "ರೊಟ್ಟಿ ಏನ್ ಬಡದಿ ಬಿಡ, ನಡಕ ದಪ್ಪ, ಅಂಚಿಗೆ ಹಸಿ" ಎಂದು ಜಾಡಿಸುತ್ತಿದ್ದಳು. ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಡಿಗೆಮನೆಯಿಂದ ಕಾಕು ಮಾತ್ರ ತಕರಾರು ಎತ್ತುತ್ತಿದ್ದಳು. "ಆ ಚೆನ್ನವ್ವನ ಮಾತೆಲ್ಲಾ ನನ್ನವ ಅದಾವ ನೋಡವ್ವಾ ಸುಮಿ. ಮುಂಜಾನೆ ನಾ ಅಂದಿದ್ದು ಮಧ್ಯಾಹ್ನ ಆಕಿ ಬಾಯಾಗ ಬರ್ತೈತಿ."

ನಾನು ಇಂಗ್ಲಿಷ್ ಓದುವ ಹುಡುಗಿ, ಸುಮ್ಮನಿರಲಾಗುತ್ತಿರಲಿಲ್ಲ. ಒಮ್ಮೆ, "ಕಾಕಾ, ಅಲ್ಲಿ ಹಂಗ ಬರದಿಲ್ಲ. ಪರ್ವತ ದಾಟಿ ಉತ್ತರಕ್ಕ ಹೋಗು ಅಂತ ಬರದೈತಿ" ಎಂದೆ.

ಕಾಕಾ ಪರದೆಯ ಮೇಲೆ ದಾರಿ ಹೇಳುತ್ತಿದ್ದ ಮುದುಕನ ಮುಖವನ್ನು ಬೆರಳಿಂದ ತೋರಿಸಿದ. "ಇರಲಿ ಬಿಡವ್ವಾ. ಅವನ ಮಾರಿ ನೋಡ. ಹಾದಿ ಹೇಳೋ ಮಾರಿ ಏನ ಅದು? ಮಗಳ ಮದಿವಿ ಮಾಡಿ ಸಾಕಾಗಿ ಕುಂತಾನ ಅಂವ."

ಹಾಗೆಂದು ಆಟದ ಮಾತೆಲ್ಲ ಸಪ್ಪೆ ಎಂದೇನೂ ಅಲ್ಲ. ರಾಕ್ಷಸನ ಓಲೆಗಳನ್ನು ಬರೆದವರು ಯಾರೋ, ಅವರಿಗೆ ಕೈ ಮುಗಿಯಬೇಕು. ಒಂದು ಓಲೆಯಲ್ಲಿ ರಾಕ್ಷಸ ತನ್ನ ಕೋಟೆಯ ಕೀಲಿಕೈ ಎಲ್ಲಿಟ್ಟಿದ್ದೇನೆಂದು ತಾನೇ ಬರೆದು, ಒಳಗೆ ಬರುವಾಗ ಕಾಲೊರಸಿಕೊಂಡು ಬಾ, ಇಲ್ಲದಿದ್ದರೆ ಅವಳು ನನ್ನನ್ನು ಬೈಯುತ್ತಾಳೆ ಎಂದು ಬೇಡಿಕೊಳ್ಳುತ್ತಾನೆ. ಅದನ್ನು ಓದಿ ಹೇಳಿದಾಗ ಕಾಕಾ ತೊಡೆ ತಟ್ಟಿ ನಕ್ಕು, "ಇದನ್ನ ಬರದಾಂವ ಖರೆ ಮದಿವ್ಯಾದಾಂವ" ಎಂದ.

ಕೊರತೆಗಳಿಗೂ ಬರವಿರಲಿಲ್ಲ. ಗವಿಗಳೆಲ್ಲ ಒಂದೇ ಥರ, ಯಾವುದರಲ್ಲಿ ಹೊಕ್ಕೆವು ಎಂಬುದೇ ಮರೆತುಹೋಗುತ್ತಿತ್ತು. ತುಸು ನಡೆದರೆ ಸಾಕು, ಯಾವುದೋ ಕಪ್ಪೆ, ಯಾವುದೋ ಕುಂಬಳಕಾಯಿ ಜಗಳಕ್ಕೆ ಬರುತ್ತಿತ್ತು. ಸಾವಿರ ಸಲ ಹೊಡೆದ ಕಪ್ಪೆಯನ್ನೇ ಮತ್ತೆ ಹೊಡೆಯಬೇಕು, ಇಲ್ಲದಿದ್ದರೆ ಗುಂಡ್ಯಾನಿಗೆ ಬಲ ಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಾಪತ್ರಯ ಎಂದರೆ ಆಟ ಎಲ್ಲೆಂದರಲ್ಲಿ ಸೇವ್ ಆಗುತ್ತಿರಲಿಲ್ಲ. ಊರೊಳಗಿನ ಬಾವಿಕಟ್ಟೆಗೇ ಹೋಗಬೇಕು. ನಾವು ಕಾಡಿನ ನಟ್ಟನಡುವೆ ಇದ್ದಾಗಲೇ ತ್ರೀ ಫೇಸ್ ಬರುತ್ತಿತ್ತು. ಕಾಕಾ ಎಲ್ಲವನ್ನೂ ಹಾಗೇ ಬಿಟ್ಟು ಮಗ್ಗಕ್ಕೆ ಓಡುತ್ತಿದ್ದ. ಖಾಲಿ ಕೋಣೆಯಲ್ಲಿ ಟಿವಿ ಉರಿಯುವುದು ಕಂಡರೆ ಕಾಕುವಿನ ಹೊಟ್ಟೆ ಉರಿಯುತ್ತಿತ್ತು. ಬೋರ್ಡಿನಲ್ಲೇ ಬಟನ್ ಆರಿಸಿಬಿಡುತ್ತಿದ್ದಳು. ಮರುದಿನ ಗುಂಡ್ಯಾ ಹಿಂದಿನ ಊರಿನ ಬಾವಿಯ ಮುಂದೆ ಮೊದಲಿನಂತೆ ಆಕಳಿಸುತ್ತ ನಿಂತಿರುತ್ತಿದ್ದ. ಇದರಿಂದ ನಷ್ಟವೇನೂ ಆಗಲಿಲ್ಲ ಎಂದು ಈಗ ಅನಿಸುತ್ತದೆ. ಅದೇ ಸನ್ನಿವೇಶಕ್ಕೆ ಕಾಕಾ ಪ್ರತಿ ಸಲ ಬೇರೆ ಮಾತು ಹೇಳುತ್ತಿದ್ದ.

ಕಪ್ಪೆಗಳ ಸಮಸ್ಯೆಗೆ ಪರಿಹಾರ ಕಂಡುಹಿಡಿದವನು ಮಲಕಪ್ಪ. ಮಗ್ಗ ನಡೆಸುವವರಿಗೆ ಕಣ್ಣಿಟ್ಟು ನಿಲ್ಲುವುದು, ಎಳೆ ಹರಿದರೆ ಗಂಟು ಹಾಕುವುದು, ಮತ್ತೆ ಕಣ್ಣಿಟ್ಟು ನಿಲ್ಲುವುದು ರೂಢಿ. "ಇದೂ ಮಗ್ಗನ ಐತಿ ತಗೋ ಶಂಕ್ರೆಪ್ಪಣ್ಣಾ. ಪಾಳಿ ಹಚ್ಚು" ಎಂದ. ಅಂದಿನಿಂದ ಕಪ್ಪೆ ಹೊಡೆಯಲು ಪಾಳಿ ಬಿತ್ತು. ಒಬ್ಬ ಹೊಡೆದು ದಣಿದರೆ ರಿಮೋಟು ಮುಂದಿನವನ ಕೈಗೆ. ಮಾತಿನ ಜಾಗ ಬಂದ ಕೂಡಲೇ ಮಾತ್ರ ಅದು ಕಾಕಾನ ಕೈಗೆ ಮರಳುತ್ತಿತ್ತು.

ಅರ್ಧ ದಾಟಿದ ಮೇಲೆ ಆಟ ತನ್ನ ನಗುವನ್ನೇ ಮರೆತುಬಿಟ್ಟಿತು. ರಾಜಕುಮಾರಿ ಕಾಣೆಯಾದಳು, ಬಾವಲಿಗಳು ಓಲೆ ತರುವುದು ನಿಂತಿತು, ಎಲ್ಲರೂ ಶೌರ್ಯ, ಸ್ನೇಹ ಎಂದು ಭಾಷಣಕ್ಕೆ ನಿಂತರು. ಕಾಕಾ ತಲೆ ಅಲ್ಲಾಡಿಸಿದ. "ಹಾಸು ಛಲೋ ಹಾಕ್ಯಾರ. ಹೊಕ್ಕು ಹೊಡ್ಯಾಕ ನೂಲ ಸಾಲಿಲ್ಲ." ಉದ್ದದ ಎಳೆ ಹಾಸಿ ಅಡ್ಡದ ಎಳೆಗೆ ನೂಲಿಲ್ಲ ಎನ್ನುವುದಕ್ಕಿಂತ ಕಟುವಾದ ವಿಮರ್ಶೆ ನಮ್ಮ ಊರಿನಲ್ಲಿ ಇಲ್ಲ. ಆದರೂ ಅವನು ಬಿಡಲಿಲ್ಲ. ಆಟ ಮರೆತ ನಗುವನ್ನು ತಾನೇ ತುಂಬುತ್ತ ಹೋದ.

ಅಷ್ಟರಲ್ಲಿ ಅವನ ದನಿ ಒಡೆಯತೊಡಗಿತು. ಮೊದಮೊದಲು ಅರಳೆಯ ಧೂಳೆಂದರು, ಆಮೇಲೆ ತಂಬಾಕು ಎಂದರು. ಮಿರಜಿನ ಡಾಕ್ಟರು ಗಂಟಲಲ್ಲಿ ಗಂಟಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ. ಈ ಸುದ್ದಿ ಹೇಳುವಾಗಲೂ ಕಾಕಾನಿಗೆ ದನಿ ತಗ್ಗಿಸಲಾಗಲಿಲ್ಲ. ಗೊಗ್ಗರು ಗಂಟಲಲ್ಲೇ ಕೂಗಿ ಹೇಳಿದ. ಗೋಡೆಯಾಚೆ ನಮ್ಮ ಅವ್ವ ಅತ್ತಳು.

"ಅಡ್ಮಿಟ್ ಆಗೋದ್ರೊಳಗ ಮಲ್ಲ್ಯಾನ ಕಥಿ ಮುಗಸಬೇಕು" ಎಂದು ಹಟ ಹಿಡಿದ. ಇಷ್ಟು ವರ್ಷ ಮಂದಿಗೆ ಹೇಳಿಕೊಂಡು ಬಂದ ಕಥೆ, ಕೊನೆಯನ್ನು ಬೇರೆ ಯಾರೋ ಹೇಳುವುದು ಅವನಿಗೆ ಒಪ್ಪಿಗೆ ಇರಲಿಲ್ಲ. ಪಾಳಿಯವರು ಕಪ್ಪೆ ಹೊಡೆದೇ ಹೊಡೆದರು. ಮಿರಜಿಗೆ ಹೊರಡುವ ಮುನ್ನಾದಿನ ಗುಂಡ್ಯಾ ಮಲ್ಲ್ಯಾನ ಅರಮನೆಯ ಕೊನೆಯ ಬಾಗಿಲಿಗೆ ಬಂದು ನಿಂತ.

ಆ ದಿನ ಕರೆಂಟ್ ಹೋಗಲೇ ಇಲ್ಲ. ಬೇರೆ ದಿನವಾಗಿದ್ದರೆ ಓಣಿಗೆಲ್ಲ ಹಬ್ಬ. ಬೆಳಗಿನಿಂದ ಮಗ್ಗಗಳು ಎಡೆಬಿಡದೆ ಬಡಿದುಕೊಳ್ಳುತ್ತಿದ್ದವು. ನಾನು ಕಾಲೇಜಿಗೆ ರಜೆ ಹಾಕಿ ಕಾಕಾನ ಪಕ್ಕ ಕೂತಿದ್ದೆ. ಅವನ ಮಗ್ಗಗಳು ಮಾತ್ರ ಆ ವಾರವೆಲ್ಲ ಬಂದ್ ಆಗಿದ್ದವು. ರಿಮೋಟು ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಿದ್ದ. ಮಧ್ಯಾಹ್ನ ಇಳಿಯಿತು.

"ಶುರು ಮಾಡು ಕಾಕಾ, ನಾ ಅದೀನಲ್ಲಾ" ಎಂದೆ.

"ನಿನಗ ಇಂಗ್ಲಿಷ್ ತಿಳೀತೈತಿ. ನಾ ಯಾಕ ಬೇಕು ನಿನಗ?" ಎಂದ. ಸಿಟ್ಟಿನಿಂದ ಅಂದದ್ದಲ್ಲ.

ಆಗ ಎದುರು ಮನೆಯ ಸದ್ದು ನಿಂತಿತು. ಮಲಕಪ್ಪ ಅಂಗಿ ಕೊಡವುತ್ತ ಒಳಗೆ ಬಂದು ಗೋಡೆಗೆ ಒರಗಿ ಕೂತ. ಅದರಾಚೆಯ ಮನೆಯದು ನಿಂತಿತು, ಆಮೇಲೆ ತುದಿಮನೆಯದು. ಒಬ್ಬೊಬ್ಬರಾಗಿ ಬಂದರು. ಕೊನೆಗೆ ಓಣಿಯಲ್ಲಿ ಸೈಕಲ್ಲಿನ ಗಂಟೆ ಕೇಳುವಷ್ಟು ನಿಶ್ಶಬ್ದವಾಯಿತು.

ಕಾಕು ಅಡಿಗೆಮನೆಯಿಂದ ಬಂದು, "ತ್ರೀ ಫೇಸ್ ಹೋತೇನ?" ಎಂದಳು.

"ಇಲ್ಲ ಅಕ್ಕಾ, ಐತಿ. ನಾವ ಬಂದ್ ಮಾಡಿ ಬಂದೀವಿ" ಎಂದ ಮಲಕಪ್ಪ.

ಬಟ್ಟೆಯ ಮೀಟರಿಗಿಷ್ಟು ಕೂಲಿ ಎಂದು ನೇಯುವ ಮಂದಿ ಕರೆಂಟ್ ಇರುವಾಗ ಮಗ್ಗ ನಿಲ್ಲಿಸಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಕಾಕಾ ಯಾರ ಮುಖವನ್ನೂ ನೋಡದೆ ಗುಂಡಿ ಒತ್ತಿದ.

ಕಾದಾಟ ಬಹಳ ಹೊತ್ತು ನಡೆಯಿತು. ಕೊನೆಗೆ ಮಲ್ಲ್ಯಾ ಸೋತ. ಆಟದವರು ಬರೆದ ಮುಕ್ತಾಯ ನೀರಸವಾಗಿತ್ತು. ರಾಜ ಉದ್ದನೆಯ ಭಾಷಣ ಮಾಡಿದ, ಹೂ ಚೆಲ್ಲಿದರು. ಕಟ್ಟಕಡೆಗೆ ಒಂದು ಚಿತ್ರ ಬಂತು: ಖಾಲಿ ಅರಮನೆ, ಕಿಟಕಿಯ ಹತ್ತಿರ ಒಬ್ಬನೇ ಕೂತ ರಾಕ್ಷಸ. ಕೆಳಗೆ ಅವನಿಗೂ ಶಾಂತಿ ದೊರೆಯಿತು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಕಾಕಾ ಒಡೆದ ದನಿಯಲ್ಲಿ ಮಲ್ಲ್ಯಾನ ಮಾತು ಆಡಿದ. "ಚೆನ್ನವ್ವಾ, ನೀ ಇದ್ದಾಗ ಬಾಯಿ ಮುಚ್ಚವಾ ತಾಯಿ ಅಂತಿದ್ದೆ. ಈಗ ಇಷ್ಟ ದೊಡ್ಡ ಮನ್ಯಾಗ ಒಂದ ಸಪ್ಪಳ ಇಲ್ಲ. ಯಾರರ ಬಂದ ಒಂದ ಮಾತ ಬಯ್ರಿಪಾ ನನಗ."

ಯಾರೂ ನಗಲಿಲ್ಲ. ಕಾಕಾ ಸುತ್ತ ನೋಡಿ, "ನಗ್ರಲೇ, ಇದು ಕಾಮಿಡಿ ಐತಿ!" ಎಂದು ಗದರಿದ. ಆಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾಕು ಒಳಗೆ ಹೋಗಿ ಸುಮ್ಮಸುಮ್ಮನೆ ಪಾತ್ರೆ ತೊಳೆಯತೊಡಗಿದಳು.

ಕಾಕಾ ತೀರಿಹೋಗಿ ಈಗ ಎರಡು ವರ್ಷವಾಗುತ್ತ ಬಂತು. ಆಪರೇಷನ್ ಆದ ಮೇಲೆ ಹೆಚ್ಚು ವರ್ಷ ಉಳಿಯಲಿಲ್ಲ. ನಾನು ಅವನನ್ನು ಕೊನೆಯ ಸಲ ಕಂಡದ್ದು ಒಂದು ಭಾನುವಾರ. ಅಷ್ಟೊತ್ತಿಗೆ ನನಗೆ ಜಮಖಂಡಿಯಲ್ಲೇ ಪಾಠ ಹೇಳುವ ಕೆಲಸ ಸಿಕ್ಕು ಅಲ್ಲೇ ಮನೆ ಮಾಡಿದ್ದೆ. ನಾನು ಹೋದಾಗ ತ್ರೀ ಫೇಸ್ ಹೋಗಿತ್ತು. ಮಲಕಪ್ಪ ಮತ್ತು ಇನ್ನಿಬ್ಬರು ಬಂದು ಕೂತಿದ್ದರು. ಕಾಕಾ ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಆಟವನ್ನು ಮೊದಲಿನಿಂದ ಹಚ್ಚಿದ್ದ. ರಾಕ್ಷಸ ಜಪಾನಿಯಲ್ಲಿ ಏನೋ ಅಳುತ್ತಿದ್ದ. ಮಂದಿ ಪರದೆ ನೋಡುತ್ತ ಮೂಕರಾಗಿ ಕೂತಿದ್ದರು.

ಕಾಕಾ ನನ್ನನ್ನು ಕಂಡು ಪರದೆಯ ಅಕ್ಷರ ತೋರಿಸಿ, ಓದು ಎಂದು ಕೈಮಾಡಿದ. ನಾನು ಓದಿದೆ, ಕನ್ನಡದಲ್ಲಿ ಹೇಳಿದೆ, ಒಂದು ಶಬ್ದವೂ ತಪ್ಪಲಿಲ್ಲ. ಮಲಕಪ್ಪ ಮರ್ಯಾದೆಗೆಂದು ಹ್ಞೂಂ ಹ್ಞೂಂ ಎಂದ. ಕಾಕಾನ ಮುಖ ಬಾಡುತ್ತ ಬಂತು. ರಿಮೋಟು ನೆಲದ ಮೇಲಿಟ್ಟ.

ಮೂಲೆಯಲ್ಲಿ ಕಾಕು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ. "ಯಾಕೋ ಮಲ್ಲ್ಯಾ, ಅಳಾಕ ಕುಂತಿ?" ಎಂದಳು, ಚೆನ್ನವ್ವನ ದನಿಯಲ್ಲಿ, ಅಂದರೆ ತನ್ನದೇ ದನಿಯಲ್ಲಿ. "ರೊಟ್ಟಿ ಬಡಿ ಅಂದ್ರ ಗುಂಡ್ಯಾಗ ಓಲಿ ಬರೀತಿ? ಆ ಮೈಗಳ್ಳ ಬಂದ ಏನ ಕಿಸೀತಾನ? ಬರಲಿ ಅಂವ, ಕೊಡ ಕೊಟ್ಟು ನೀರಿಗೆ ಕಳಸ್ತೀನಿ!"

ಮಲಕಪ್ಪ ಫಕ್ಕನೆ ನಕ್ಕುಬಿಟ್ಟ. ಕಾಕಾ ತಿರುಗಿ ಹೆಂಡತಿಯನ್ನು ನೋಡಿದ. ಅವನ ಹೊಟ್ಟೆ ಕುಲುಕಿತು, ಭುಜ ಕುಲುಕಿದವು, ಕಣ್ಣಲ್ಲಿ ನೀರು ಬಂತು. ಬಾಯಿ ತೆರೆದು ನಗುತ್ತಿದ್ದ, ಸದ್ದು ಮಾತ್ರ ಇರಲಿಲ್ಲ. ಕಾಕು ಮೊರ ಬದಿಗಿಟ್ಟು, ಮೊಣಕಾಲ ಮೇಲೆ ಕೈಯೂರಿ ಎದ್ದು, ಅವನ ಪಕ್ಕಕ್ಕೆ ಬಂದು ಕೂತಳು.

"ನಾ ಮಾತಾಡ್ತೀನಿ" ಎಂದಳು. "ನೀ ಗುಂಡಿ ಒತ್ತು."

ಕಾಕಾ ರಿಮೋಟು ಎತ್ತಿಕೊಂಡ.