ಒಂಬತ್ತು ಹಲಗೆ, ಎರಡು ಕೈ

1998ರಲ್ಲಿ ನಾನು ಒಂದು ವಸ್ತುಸಂಗ್ರಹಾಲಯದ ದಾಖಲಾತಿ ಅಧಿಕಾರಿ. ಅಧಿಕಾರಿ ಎಂಬುದು ಹುದ್ದೆಯ ಹೆಸರು. ಅಧಿಕಾರ ನಡೆಯುತ್ತಿದ್ದದ್ದು ಒಂದು ಟೇಪು, ಒಂದು ಭೂತಗನ್ನಡಿಯ ಮೇಲೆ ಮಾತ್ರ. ಕೆಲಸ ಪ್ರಾವನೆನ್ಸ್ ಪತ್ತೆ, ಅಂದರೆ ಕಲಾಕೃತಿ ಯಾರ ಕೈಯಲ್ಲಿ ಹುಟ್ಟಿ, ಯಾರ ಯಾರ ಮನೆ ಸುತ್ತಿ ಬಂತೆಂದು ಅದರ ಜಾತಕ ಬರೆಯುವುದು.

ಆ ವರ್ಷ ಶಿರಸಿಯ ದಿವಂಗತ ಡಾಕ್ಟರೊಬ್ಬರ ಸಂಗ್ರಹ ನನ್ನ ಪಾಲಿಗೆ ಬಂತು. ಹಲಗೆಯ ಮೇಲೆ ಬರೆದ ಒಂಬತ್ತು ಹಸೆ ಚಿತ್ತಾರಗಳು. ಸಿದ್ದಾಪುರದ ಕಡೆ ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಹೆಂಗಸರು ಬರೆಯುವ ಚಿತ್ರವದು. ಗೋಡೆಗೆ ಯಾರೂ ಸಹಿ ಹಾಕುವುದಿಲ್ಲ; ಹಲಗೆಗೂ ಹಾಕಿರಲಿಲ್ಲ. ಐದು ಹಲಗೆ ಯಲ್ಲಾಪುರದ ಮಗನ ಪಾಲಾಗಿದ್ದವು. ಅವರು ಕೊಡಲು ಒಪ್ಪಿದರು. ಉಳಿದ ನಾಲ್ಕು ಶಿರಸಿಯಲ್ಲಿದ್ದ ಮಗಳು ವಸಂತಿಯವರ ಬಳಿ.

“ಇವು ನಮ್ಮ ಆಯಿ ಬರೆದದ್ದು. ಕೊಡೂದಿಲ್ಲ” ಎಂದರು ವಸಂತಿ. ಅವರಿಗೆ ಎರಡು ವರ್ಷವಿದ್ದಾಗ ತಾಯಿ ಸಾವಿತ್ರಿ ತೀರಿಕೊಂಡಿದ್ದರು. ಮುಖ ನೆನಪಿಲ್ಲ. ತಾಯಿಯದೆಂದು ಅವರಿಗೆ ಉಳಿದದ್ದು ಈ ಗೆರೆಗಳಷ್ಟೇ.

ಒಂಬತ್ತೂ ಹಲಗೆಗಳ ಬೆನ್ನಿಗೆ ಡಾಕ್ಟರು ಒಂದೇ ಬರಹದ ಚೀಟಿ ಅಂಟಿಸಿದ್ದರು. ಆ ಅಕ್ಷರ ಶಾಸನತಜ್ಞರಿಗೂ ದಕ್ಕುವಂತಿರಲಿಲ್ಲ. ಒಂದು ಚೀಟಿಯನ್ನು ಬಿಡಿಸಿಕೊಂಡು, ಯಲ್ಲಾಪುರದಲ್ಲಿದ್ದ ಅವರ ಹಳೇ ಕಂಪೌಂಡರ್ ಪಾಂಡುರಂಗರ ಮುಂದೆ ಹಿಡಿದೆ. ಕನ್ನಡಕವನ್ನೂ ಹಾಕದೆ ಓದಿದರು: “ಗೌರಿ, ಹೇರೂರು. ಇಷ್ಟು ಚಂದ ಬರೆದದ್ದು ಓದಲಿಕ್ಕೆ ಬರೂದಿಲ್ವಾ ನಿಮಗೆ?”

ಈ ಸುದ್ದಿಯನ್ನು ವಸಂತಿಯವರಿಗೆ ಮುಟ್ಟಿಸುವುದಕ್ಕಿಂತ ಅರಬೈಲ್ ಘಟ್ಟವನ್ನು ಹಿಮ್ಮುಖವಾಗಿ ನಡೆದು ಹತ್ತುವುದು ಸುಲಭವಿತ್ತು. ಕೇಳಿದ ಅವರು, “ಆ ಗೌರಿ ಬಾಯಿಂದಲೇ ಕೇಳ್ತೆ. ನಾನೂ ಬರ್ತೆ” ಎಂದು ನಾಲ್ಕೂ ಹಲಗೆಗಳನ್ನು ಜೀಪಿಗೆ ಹಾಕಿಸಿದರು.

ಹೇರೂರಿನ ಗೌರಮ್ಮನಿಗೆ ಎಪ್ಪತ್ತು ದಾಟಿತ್ತು. ಜಗಲಿಯಲ್ಲಿ ಹಲಗೆ ಇಟ್ಟದ್ದೇ ತಡ, “ಇದು ನಂದೇಯ” ಎಂದಳು. “ಮಗಂಗೆ ಜ್ವರ ಅಂತ ಡಾಕ್ಟ್ರ ಮನೇಲೇ ತಿಂಗ್ಳು ಉಳ್ದಿದ್ದೆ. ಸುಮ್ನೆ ಕೂರಕಾಗ್ದೆ ಬರ್ದೆ.”

ವಸಂತಿ ಹಲಗೆಗಳಿಗೆ ಬಟ್ಟೆ ಸುತ್ತತೊಡಗಿದರು. ನಾಲ್ಕನೆಯದಕ್ಕೆ ಕೈಹಾಕಿದಾಗ ಗೌರಮ್ಮ ತಡೆದಳು.

“ತಡಿ. ಈ ಮೂಲೇಲಿರೋ ಸೊಟ್ಟ ಗೆರೆ ನಂದಲ್ಲ. ಅಮ್ಮೋರದ್ದು.”

“ಯಾವ ಅಮ್ಮೋರು?”

“ನಿನ್ನ ಅವ್ವ. ನಂಗೂ ಕಲ್ಸು ಗೌರಿ ಅಂದ್ರು. ನೀನು ಹೊಟ್ಟೇಲಿದ್ದೆ, ಬಗ್ಗಕಾಗ್ತಿರ್ಲಿಲ್ಲ. ಒಂದು ಗೆರೆ ಎಳೆಯದು, ನಗಾದು. ನಗಾಡಿ ನಗಾಡಿ ಕೈಯೇ ನಿಲ್ತಿರ್ಲಿಲ್ಲ.”

“ಆಯಿ ನಗ್ತಿತ್ತಾ?”

“ಒಳಗಿಂದ ಡಾಕ್ಟ್ರು ಬಂದು ಬೈಯೋವಷ್ಟು!”

ವಸಂತಿ ಆ ಮೂಲೆಯ ಮೇಲೆ ಬೆರಳಿಟ್ಟು, ಗೆರೆ ಓಡಿದಂತೆ ಮೆಲ್ಲಗೆ ಓಡಿಸಿದರು.

ಆ ಮೂಲೆಯ ಬಗ್ಗೆ ನನ್ನ ವರದಿ ಅಷ್ಟರಲ್ಲಿ ತಯಾರಾಗಿ ಚೀಲದಲ್ಲಿತ್ತು: ‘ಅನಂತರದ ಅನನುಭವಿ ತಿದ್ದುಪಡಿ, ತೆಗೆದು ಸ್ವಚ್ಛಗೊಳಿಸಬಹುದು.’ ಅದೇ ಜಗಲಿಯಲ್ಲಿ ಕೂತು ಆ ಸಾಲನ್ನು ಎರಡೆರಡು ಸಲ ಹೊಡೆದುಹಾಕಿದೆ.

ವಸಂತಿ ಕೊಟ್ಟ ಮೂರೂ ಸೇರಿ ಎಂಟು ಹಲಗೆಗಳು ಗೌರಮ್ಮನ ಹೆಸರಿನಲ್ಲಿ ಸಂಗ್ರಹಾಲಯಕ್ಕೆ ಬಂದವು. ಒಂಬತ್ತನೆಯದು ಬರಲಿಲ್ಲ, ನಾನೂ ಕೇಳಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ಬರೆದೆ: ‘ಕಲಾವಿದರು: ಗೌರಮ್ಮ ಮತ್ತು ಸಾವಿತ್ರಿ. ಇರುವ ಸ್ಥಳ: ಸಾವಿತ್ರಿಯವರ ಮಗಳ ಮನೆ.’

ನಿವೃತ್ತಿಯವರೆಗೂ ಇನ್ನೆಷ್ಟೋ ಕಡೆ ಗೆರೆ ಸೊಟ್ಟಗಿರುವುದನ್ನು ಕಂಡೆ. ದೋಷ ಎಂದು ಬರೆಯುವ ಮೊದಲು, ಅದನ್ನು ಎಳೆಯುವಾಗ ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಕೇಳಿಕೊಂಡು ಬರುತ್ತಿದ್ದೆ.