ಗೇಣು ನೀರಿನ ಗ್ರಹಣ

ಮೀನಿನ ತೊಟ್ಟಿಯಿಂದ ಸೊಪ್ಪು ಕುಯ್ದು ಪಲ್ಯ ಮಾಡುವ ಮನೆ ಇಡೀ ಆರ್.ಟಿ. ನಗರದಲ್ಲಿ ನಮ್ಮದೊಂದೇ ಇತ್ತೆಂದು ಕಾಣುತ್ತದೆ. ಕುಯ್ಯುತ್ತಿದ್ದವರಾದರೂ ಯಾರು? ಮಡಿಯುಟ್ಟು ಒಲೆಯ ಮುಂದೆ ನಿಂತರೆ ನನ್ನ ನೆರಳನ್ನೂ ದೂರವಿಡುತ್ತಿದ್ದ ನಮ್ಮತ್ತೆ. ಮೀನೆಂಬ ಶಬ್ದವನ್ನು ಪಂಚಾಂಗದ ರಾಶಿಯ ಹೆಸರಾಗಿ ಮಾತ್ರ ಸಹಿಸಿಕೊಳ್ಳುತ್ತಿದ್ದ ಆ ಸಾಧ್ವಿ, ಹಿಂದಿನ ಜಗಲಿಯ ಮೇಲಿದ್ದ ನನ್ನ ಗಾಜಿನ ತೊಟ್ಟಿಯಲ್ಲಿ ಹೊನಗೊನ್ನೆ ಸೊಂಪಾಗಿ ಎದ್ದು ನಿಂತದ್ದನ್ನು ಕಂಡ ದಿನ ಬಹಳ ಹೊತ್ತು ಧರ್ಮಸಂಕಟಪಟ್ಟು, ಕೊನೆಗೆ ತಾವೇ ತೀರ್ಪಿತ್ತರು. "ಹೆಸರಘಟ್ಟದ ಕೆರೇಲಿ ಮೀನಿಲ್ವೇನೇ? ಆ ನೀರು ಕುಡ್ಕೊಂಡೇ ಅಲ್ವಾ ಈ ಊರು ಬೆಳೆದದ್ದು?" ಎಂದವರೇ ಎಳೆಯ ಕುಡಿಗಳನ್ನು ಚಿವುಟಿ ಸೆರಗಿಗೆ ಹಾಕಿಕೊಂಡರು. ಪಲ್ಯ ಬಹಳ ಚೆನ್ನಾಗಿತ್ತು.

ತೊಟ್ಟಿಯೆಂದೊಡನೆ ನೀವು ದೊಡ್ಡ ಹೋಟೆಲಿನ ಗಲ್ಲಾದ ಪಕ್ಕದಲ್ಲಿ ಗುಳ್ಳೆ ಬಿಡುತ್ತಾ ನಿಂತಿರುವ ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಬಾರದು. ನನ್ನದು ಅಗಲಕ್ಕೆ ಊಟದ ಮಣೆಗಿಂತ ದೊಡ್ಡದು, ಎತ್ತರಕ್ಕೆ ಒಂದು ಗೇಣು. ಇದಕ್ಕೆ ನನ್ನ ಸೌಂದರ್ಯಪ್ರಜ್ಞೆ ಕಾರಣವೆಂದು ಬಂದವರೆದುರು ಹೇಳಿಕೊಳ್ಳುತ್ತಿದ್ದೆನಾದರೂ, ನಿಜವಾದ ಕಾರಣ ಹಳೆಯ ಕಿಟಕಿಯೊಂದರ ಗಾಜು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನಮ್ಮವರು ಕಬ್ಬಿಣದ ಚೌಕಟ್ಟೇನೋ ಮಾಡಿಕೊಟ್ಟರು. ಅದಕ್ಕೆ ಹೊಂದಿಸಲು ಸಿಕ್ಕಿದ್ದು ಮಾತ್ರ ಗೇಣಗಲದ ಗಾಜಿನ ಪಟ್ಟಿಗಳು. "ಇಷ್ಟೇ ಆಗೋದು ನೋಡು, ಬೇಕಾದ್ರೆ ಇಟ್ಕೋ" ಎಂದರು. ಇಟ್ಟುಕೊಂಡೆ. ತಳಕ್ಕೆ ತೊಳೆದ ಬಿಳಿ ಮರಳು ಹರಡಿ, ಹೆಬ್ಬಾಳದ ಕೆರೆಯಂಚಿನಿಂದ ಹೊನಗೊನ್ನೆ, ಒಂದೆಲಗ, ನೀರುಬ್ರಾಹ್ಮಿಗಳನ್ನು ತಂದು ನೆಟ್ಟೆ.

ಗೇಣು ನೀರು ಸಾಲದೆ ಗಿಡಗಳು ಸಾಯುತ್ತವೆಂದುಕೊಂಡಿದ್ದೆ. ಅವು ಸಾಯಲಿಲ್ಲ, ನೀರಿನಿಂದ ಮೇಲೆದ್ದವು. ಎದ್ದ ರೀತಿಯನ್ನು ಏನೆಂದು ಹೇಳಲಿ! ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಾ ವಿಶೇಷಣಗಳನ್ನು ಪುಕ್ಕಟೆಯಾಗಿ ಎರಚುತ್ತಿದ್ದ ನನಗೆ ಅಲ್ಲಿ ಒಂದೂ ಒದಗಲಿಲ್ಲ. ಒಂದೇ ಕಾಂಡ, ಒಂದೇ ಬೇರು. ಆದರೆ ನೀರೊಳಗಿನ ಎಲೆ ತೆಳ್ಳಗೆ, ಕೆಂಪಗೆ, ಹಿಡಿದರೆ ಕೈಗೆ ಸಿಕ್ಕದಷ್ಟು ಮೃದು. ನೀರು ದಾಟಿದ ಮರುಗೆಣ್ಣಿನ ಎಲೆ ದಪ್ಪಗೆ, ಹಸಿರಾಗಿ, ಗಾಳಿಬಿಸಿಲುಗಳಿಗೆ ಎದೆಯೊಡ್ಡಿ ನಿಂತದ್ದು. ಎರಡು ಲೋಕಗಳ ನಡುವೆ ಕೂದಲೆಳೆಯಷ್ಟು ಗಡಿ, ಆ ಗಡಿಯಲ್ಲಿ ನಿಂತು ಗಿಡ ತನ್ನ ಸ್ವಭಾವವನ್ನೇ ಬದಲಿಸಿಕೊಳ್ಳುವುದನ್ನು ಯಾರು ಕಲಿಸಿದರು? ನಾನು ತವರಿನಿಂದ ಗಂಡನ ಮನೆಗೆ ಬಂದು ಕಾಫಿಗೆ ಸಕ್ಕರೆ ಕಡಿಮೆ ಮಾಡಿಕೊಳ್ಳುವುದಕ್ಕೇ ವರ್ಷ ಹಿಡಿದಿತ್ತು. ಬೆಳಿಗ್ಗೆ ಸ್ಕೂಲಿಗೆ ಹೊತ್ತಾಗುತ್ತಿದ್ದರೂ ಆ ಗಡಿಯನ್ನು ನೋಡುತ್ತಾ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದೆ.

ಮೀನುಗಳು ಬಂದದ್ದು ಕೊಡಿಗೇಹಳ್ಳಿಯ ಗದ್ದೆ ಕಾಲುವೆಯಿಂದ. ಬೆರಳುದ್ದವೂ ಇಲ್ಲದ ಬಡಪಾಯಿಗಳು. ಹೆಸರು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಬೆಳ್ಳಿ ಚುಕ್ಕೆ, ಮದುವೆಮನೆಯಿಂದ ಬಂದವರ ತಲೆಯಲ್ಲಿ ಉಳಿದ ಅಕ್ಷತೆಕಾಳಿನ ಹಾಗೆ. ಪಕ್ಕದ ಮನೆಯ ಬಾನು ಅವರು ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿ, "ನಮ್ಮನೇಲಿ ಮೀನು ಬಂದ್ರೆ ಸಾಯಂಕಾಲದವರೆಗೂ ಇರಲ್ಲ, ನಿಮ್ಮನೇಲಿ ಸಂಸಾರ ಹೂಡ್ಬಿಟ್ಟಿದಾವಲ್ರೀ!" ಎಂದು ನಕ್ಕಿದ್ದರು. ಅವರ ಮಾತು ಸುಳ್ಳಾಗಲಿಲ್ಲ. ಎಂಬತ್ತನೇ ಇಸವಿಯ ಚಳಿ ಕಳೆಯುತ್ತಿದ್ದಾಗ ನೀರುಬ್ರಾಹ್ಮಿಯ ಬೇರುಗಳಲ್ಲಿ ಸಾಸಿವೆಗಿಂತ ಸಣ್ಣ ಗಾಜಿನ ಮಣಿಗಳು ಕಂಡವು. ದಿನಕಳೆದಂತೆ ಮಣಿಗಳಲ್ಲಿ ಕಣ್ಣು ಮೂಡಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಮೈಯೇ ಇಲ್ಲದ ಜೋಡಿ ಜೋಡಿ ಕಣ್ಣುಗಳು ನೀರಿನ ಮೇಲ್ಮೈಯಲ್ಲಿ ತಾವಾಗಿಯೇ ಈಜುತ್ತಿವೆ! ಸೃಷ್ಟಿಕರ್ತ ಮೊದಲು ಕಣ್ಣು ಮಾಡಿ, ಉಳಿದದ್ದನ್ನು ನಿಧಾನವಾಗಿ ಯೋಚಿಸುತ್ತಾನೇನೋ ಅನ್ನಿಸಿತು.

ಅದೇ ವಾರ ಸೂರ್ಯಗ್ರಹಣ. ಊರಿಗೆ ಊರೇ ಭಯದಿಂದ ಬಾಗಿಲು ಹಾಕಿಕೊಂಡ ಆ ಮಧ್ಯಾಹ್ನ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ನನ್ನ ಭಯ ಮಾತ್ರ ಸೂರ್ಯನದಾಗಿರಲಿಲ್ಲ. ಗ್ರಹಣ ಬಿಟ್ಟ ಮೇಲೆ ನಮ್ಮ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲುವ ಪದ್ಧತಿ. ಹಂಡೆ, ಕೊಡ, ಬಿಂದಿಗೆ, ತಂಬಿಗೆ ಯಾವುದಕ್ಕೂ ರಿಯಾಯಿತಿಯಿಲ್ಲ. ಅತ್ತೆಯ ಕಣ್ಣು ತೊಟ್ಟಿಯ ಮೇಲೂ ಬಿತ್ತು. "ದೊಡ್ಡ ಮೀನು ಬಕೆಟ್ಟಿಗೆ ಹಾಕ್ಕೊಂಡು, ನೀರು ಚೆಲ್ಲಿ, ಹೊಸದಾಗಿ ತುಂಬು" ಎಂದರು. ಮರಿಗಳನ್ನು ಹಿಡಿಯುವುದೆಂತು? ಬೆರಳು ಸೋಕಿದರೆ ಹೊಸಕಿಹೋಗುವ ಜೀವಗಳು. ಹಿಡಿದರೂ ಕೊಳಾಯಿಯಿಂದ ಆಗತಾನೇ ಹಿಡಿದ ಔಷಧಿ ನೀರು ಬಿದ್ದರೆ ಗಳಿಗೆ ಉಳಿಯುವುದಿಲ್ಲ. ಇದು ಪಾತ್ರೆಯಲ್ಲ, ಕೆರೆ ಎಂದೇ ತಿಳಿಯಿರಿ ಎಂದು ವಾದಿಸಿದೆ. "ಕೆರೆಗೆ ಕೊಳಾಯಿಂದ ನೀರು ತುಂಬ್ತಾರೇನೇ?" ಎಂದರು. ಉಪ್ಪಿನಕಾಯಿ ಜಾಡಿಗೆ ಹಾಕುವಂತೆ ಒಂದೆಳೆ ದರ್ಭೆ ಹಾಕಿದರಾಯಿತಲ್ಲ ಎಂದೆ. "ದರ್ಭೆ ಹಾಕೋದು ತಿನ್ನೋ ಪದಾರ್ಥಕ್ಕೆ. ನಿನ್ನ ಮೀನು ತಿನ್ನೋದಕ್ಕಾ?" ಎಂದುಬಿಟ್ಟರು. ನಮ್ಮವರು ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡರು. ಅಳು ಬಂತು.

ಗ್ರಹಣ ಹಿಡಿಯುವ ಹೊತ್ತಿಗೆ ಅತ್ತೆ ತಲೆಗೆ ನೀರೆರೆದುಕೊಂಡು ಜಪಕ್ಕೆ ಕೂತರು. ನಾನು ಹಿಂದಿನ ಜಗಲಿಯಲ್ಲಿ, ಶಿಕ್ಷೆಗೆ ಗುರಿಯಾದವರ ಜೊತೆ ಕಡೆಯ ಹೊತ್ತು ಕಳೆಯುವ ಬಂಧುವಿನಂತೆ, ತೊಟ್ಟಿಯ ಪಕ್ಕ ಕೂತೆ. ಜಗಲಿಗಿದ್ದದ್ದು ತಗಡಿನ ಚಾವಣಿ. ಅದರ ಹಳೆಯ ಮೊಳೆತೂತುಗಳಿಂದ ಮಧ್ಯಾಹ್ನದ ಬಿಸಿಲು ದಿನವೂ ದುಂಡುದುಂಡಾಗಿ ಇಳಿದು ತೊಟ್ಟಿಯ ಮರಳಿನ ಮೇಲೆ ಬೀಳುತ್ತಿತ್ತು. ತೂತು ದುಂಡಗಿದೆ, ಬಿಸಿಲು ದುಂಡಗಿದೆ, ಅದರಲ್ಲೇನು ವಿಶೇಷವೆಂದು ನಾನು ಎಂದೂ ಗಮನಿಸಿದವಳಲ್ಲ. ಆವತ್ತು ನೋಡುತ್ತಿದ್ದಂತೆಯೇ ಆ ದುಂಡುಗಳ ಅಂಚು ಒಂದಿಷ್ಟು ಸವೆಯಿತು. ಆಮೇಲೆ ಅರ್ಧವಾಯಿತು. ಆಮೇಲೆ, ಅಯ್ಯೋ ದೇವರೇ, ಮರಳ ತುಂಬ ಬಿದಿಗೆಯ ಚಂದ್ರನಂಥ ಪುಟ್ಟ ಪುಟ್ಟ ಸೂರ್ಯರು! ಅಲ್ಲಿ ದಿನವೂ ಬೀಳುತ್ತಿದ್ದದ್ದು ತೂತಿನ ಆಕಾರವಲ್ಲ, ಸಾಕ್ಷಾತ್ ಸೂರ್ಯನ ಬಿಂಬ ಎಂದು ಆಗ ಹೊಳೆಯಿತು. ದಿನವೂ ಹಿತ್ತಿಲಿಗೆ ಬಂದು ಹೋಗುತ್ತಿದ್ದವನನ್ನು ಅವನು ಮರೆಯಾಗುವ ದಿನ ಗುರುತು ಹಿಡಿದೆ.

"ಅತ್ತೆ, ಬನ್ನಿ ಇಲ್ಲಿ!" ಎಂದು ಕೂಗಿದೆ.

"ಗ್ರಹಣ ನೋಡಬಾರದು ಕಣೇ."

"ಮೇಲೆ ನೋಡ್ಬೇಡಿ. ನೀರಲ್ಲಿ ನೋಡಿ."

ತಲೆಯ ಮೇಲೆ ಸೆರಗೆಳೆದುಕೊಂಡು, ಜಪಮಣಿ ಹಿಡಿದೇ ಬಂದರು. ಬಗ್ಗಿದರು. ಬಗ್ಗಿದವರು ಹಾಗೇ ನೆಲದ ಮೇಲೆ ಕೂತರು. ಬೆಳಕು ಬೂದಿಬಣ್ಣಕ್ಕಿಳಿಯಿತು, ಕಾಗೆಗಳು ಹೊತ್ತಿಗೆ ಮುಂಚೆ ಮರ ಸೇರಿದವು, ದೊಡ್ಡ ಮೀನುಗಳು ಸಂಜೆಯಾಯಿತೆಂದು ಎಲೆಯಡಿ ಸರಿದವು. ಮರಿಗಳಿಗೆ ಸಂಜೆಯೂ ಗೊತ್ತಿಲ್ಲ, ಗ್ರಹಣವೂ ಗೊತ್ತಿಲ್ಲ. ಅವು ಈಜುತ್ತಲೇ ಇದ್ದವು. ಅವುಗಳ ಎಳ್ಳಿನಷ್ಟು ನೆರಳು ಒಂದು ಸೂರ್ಯನನ್ನು ದಾಟಿ ಇನ್ನೊಂದರೊಳಗೆ ಹೋಗುತ್ತಿತ್ತು. ಆಕಾಶದಲ್ಲಿ ನಡೆಯುತ್ತಿದ್ದ ಅಷ್ಟು ದೊಡ್ಡ ಸಂಗತಿ ಗೇಣು ನೀರಿನಲ್ಲಿ ಕುಂದಿಲ್ಲದಂತೆ ಹಿಡಿಸಿತ್ತು. ಅತ್ತೆಯ ಬೆರಳಲ್ಲಿ ಮಣಿ ನಿಂತುಹೋಗಿತ್ತು, ಬಾಯಿ ಅರೆ ತೆರೆದಿತ್ತು. ನಾವಿಬ್ಬರೂ ಅಷ್ಟು ಹೊತ್ತು ಅಷ್ಟು ಹತ್ತಿರ ಕೂತದ್ದು ಅದೇ ಮೊದಲು.

ಕೊನೆಗೆ ಸೂರ್ಯರೆಲ್ಲ ಮತ್ತೆ ದುಂಡಗಾದರು. ಗ್ರಹಣ ಬಿಟ್ಟಿತು. ಬೀದಿಯುದ್ದಕ್ಕೂ ನೀರು ಚೆಲ್ಲುವ ಸದ್ದು, ಪಾತ್ರೆಗಳ ಸದ್ದು. ನಾವೂ ಸ್ನಾನ ಮುಗಿಸಿದೆವು. ಅತ್ತೆ ಒದ್ದೆ ತಲೆಯಲ್ಲೇ ಹಂಡೆ ಬೋರಲು ಹಾಕಿದರು, ಕೊಡಗಳನ್ನು ಬರಿದು ಮಾಡಿದರು, ಖಾಲಿ ಬಕೆಟ್ಟು ಹಿಡಿದು ತೊಟ್ಟಿಯ ಹತ್ತಿರ ಬಂದರು. ಅವರು ಬಕೆಟ್ಟನ್ನು ಕೆಳಗಿಟ್ಟು, ನೀರನ್ನೇ ನೋಡುತ್ತಾ ನಿಂತರು.

"ಗ್ರಹಣ ಹಿಡಿದಾಗಿಂದ ಬಿಡೋವರೆಗೂ ನೀರಲ್ಲೇ ಇದ್ದಾವೆ ಕಣೇ ಇವು" ಎಂದರು ಮೆಲ್ಲಗೆ. "ಕಾಶಿಗೆ ಹೋದ್ರೂ ಗಂಗೇಲಿ ಅಷ್ಟೊತ್ತು ನಿಂತ್ಕೊಳ್ಳೋಕೆ ನಮ್ಮ ಕೈಲಾಗುತ್ತಾ?"

ಆಮೇಲೆ ಕೈಯದ್ದಿ ಒಂದು ಬೊಗಸೆ ನೀರೆತ್ತಿಕೊಂಡರು. ಮರಿ ಏನಾದರೂ ಬಂದಿದೆಯೋ ಎಂದು ಕಣ್ಣಿಗೆ ಹತ್ತಿರ ಹಿಡಿದು ಚೆನ್ನಾಗಿ ನೋಡಿ, ಇಲ್ಲವೆಂದು ಖಾತರಿಯಾದ ಮೇಲೆ, ಅದನ್ನು ತಮ್ಮ ತಲೆಯ ಮೇಲೆ ಪ್ರೋಕ್ಷಿಸಿಕೊಂಡು, ಉಳಿದದ್ದನ್ನು ನನ್ನ ನೆತ್ತಿಗೆ ಹಾಕಿದರು.