ಕಿಟಕಿ ಪಕ್ಕದ ಸೀಟು

ನಮ್ಮ ಕಂಡಕ್ಟರ್ ಸಾಹೇಬರ ಬೇಸಿಗೆ ಪ್ರವಾಸವೆಂದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚುವ ವ್ಯವಹಾರ. ಪುಕ್ಕಟೆ ಪಾಸು, ಮನೆಯ ಬುತ್ತಿ, ಕೊನೇ ಸ್ಟಾಪಿನ ಪಾರ್ಕು. ಅದೂ ಇಪ್ಪತ್ತೆರಡು ವರ್ಷದಿಂದ ತಾವೇ ಟಿಕೆಟ್ ಹರಿಯುತ್ತಿರುವ ರೂಟಿನಲ್ಲಿ! "ರಜೆಯಲ್ಲೂ ಅದೇ ಬಸ್ಸೇನ್ರೀ?" ಎಂದು ಹೆಂಡತಿ ಹಣೆ ಹಣೆ ಚಚ್ಚಿಕೊಂಡರೂ ಕೇಳುವ ಆಸಾಮಿಯಲ್ಲ. ಕಿಟಕಿ ಪಕ್ಕ ಕೂರಿಸಿದರೂ ಕಣ್ಣು ಬಸ್ಸಿನೊಳಗೇ; ಸ್ಟಾಪು ಬಂದಾಗಲೆಲ್ಲ ದಡಕ್ಕನೆ ಎದ್ದು "ರೈಟ್, ರೈಟ್" ಎನ್ನುತ್ತಾರೆ. ಅವಳು ಅಂಗಿ ಹಿಡಿದು ಜಗ್ಗಿ ಕೂರಿಸುತ್ತಾಳೆ. ಈ ಸಲ ಸ್ಟಾಪೇ ಇಲ್ಲದ ತಿರುವಿನಲ್ಲಿ ಎದ್ದು ಕೂಗಿಬಿಟ್ಟರು. "ಲೇ, ಇಲ್ಲೊಂದು ಕೆರೆ ಇದೆ ಕಣೇ! ಇಷ್ಟು ದೊಡ್ಡದು! ಯಾವಾಗ ಬಂತೇ ಇದು?" ಅವರಜ್ಜನಿಗಿಂತ ಹಳೇ ಕೆರೆ ಅದು. ಬೈಯಲು ಬಾಯಿ ತೆರೆದ ಹೆಂಡತಿಗೆ ಆಗ ಹೊಳೆಯಿತು: ದಿನಕ್ಕೆ ಆರು ಸಲ ಇದರ ದಂಡೆಯಲ್ಲೇ ಹಾದವರು ಇಷ್ಟು ವರ್ಷ ನೋಡಿದ್ದು ಬರೀ ಟಿಕೆಟ್ಟಿಗೆ ಚಾಚಿದ ಜನರ ಕೈಗಳನ್ನು. ಅವಳು ಅಂಗಿ ಜಗ್ಗಲಿಲ್ಲ.